ಕಫದ ರಿಪೋರ್ಟ್‌ನಲ್ಲಿ "ನಾರ್ಮಲ್ ಫ್ಲೋರಾ" ಅಂತ ಬಂದಿದೆ. ಎದೆಯೊಳಗೆ ಬ್ಯಾಕ್ಟೀರಿಯಾ ಇರುವುದು ನಾರ್ಮಲ್ಲಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ, ನಾವು ತೀರ್ಥಹಳ್ಳಿ ಕಡೆಯವರು. ಅಮ್ಮನಿಗೆ 64 ವರ್ಷ. ಮೂವತ್ತು ವರ್ಷದ ಹಿಂದೆ ಟಿಬಿ ಆಗಿತ್ತು. ಕೋರ್ಸ್ ಪೂರ್ತಿ ಮಾಡಿ ಗುಣವಾದರು. ಆದರೆ ಎಡಗಡೆ ಶ್ವಾಸಕೋಶದಲ್ಲಿ ಗಾಳಿಯ ನಳಿಕೆಗಳು ಸಡಿಲವಾಗಿ ಅಗಲಗೊಂಡು ಹಾಗೇ ಉಳಿದಿವೆ. ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ದಿನಾ ಬೆಳಿಗ್ಗೆ ಕಫ, ಮಳೆಗಾಲದಲ್ಲಂತೂ ಜಾಸ್ತಿ.

ಕಳೆದ ವಾರ ಕಫದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದೆವು. "ನಾರ್ಮಲ್ ಥ್ರೋಟ್ ಫ್ಲೋರಾ ಬೆಳೆದಿದೆ, ರೋಗಕಾರಕ ಸಿಕ್ಕಿಲ್ಲ" ಅಂತ ಬರೆದಿದ್ದಾರೆ. ಅಮ್ಮ ಅದನ್ನು ಕೇಳಿ, "ಬೆಳೆದಿದೆ ಅಂದಮೇಲೆ ಏನೋ ಇದೆ ಅಂತ ತಾನೇ? ಮಾತ್ರೆ ಯಾಕೆ ಕೊಡಲಿಲ್ಲ?" ಅಂತ ಗಲಾಟೆ. ಎರಡು ವರ್ಷದ ಹಿಂದೆ ಬೇರೆ ಲ್ಯಾಬ್‌ನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದೆ ಅಂತ ಬಂದಿತ್ತು. ಆಗ ಏಳು ದಿನ ಇಂಜೆಕ್ಷನ್ ಚುಚ್ಚಿಸಿದ್ದೆವು. ಹೊಟ್ಟೆ ಕೆಟ್ಟಿತೇ ಹೊರತು ಕಫ ಹಾಗೇ ಇತ್ತು. ಈಗ ನನಗೂ ತಲೆ ಕೆಟ್ಟಿದೆ. ಎದೆಯಲ್ಲಿ ಬ್ಯಾಕ್ಟೀರಿಯಾ ಇದ್ದರೂ ನಾರ್ಮಲ್ ಅಂದರೆ ಏನರ್ಥ?

ಗಿರ್ಮಿಟ್:
ಅಣ್ಣಾ, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ. ಮೆಡಿಕಲ್ ಶಾಪ್‌ನಲ್ಲಿ ಅಜಿತ್ರೊಮೈಸಿನ್ 500, ಮೂರು ಮಾತ್ರೆ. ನಮ್ಮ ಮನೆಯಲ್ಲಿ ಎಲ್ಲರೂ ಅದೇ. ಮೂರೇ ದಿನಕ್ಕೆ ಎದ್ದು ಕೂಡ್ತಾರ.

ಚಾಕೊಲೇಟ್ ಅಗಾರ್:
ಗಿರ್ಮಿಟ್ ಅವರೇ, ನಿಮ್ಮ ಹತ್ತಿರ ಆಮೇಲೆ ಬರುತ್ತೇನೆ, ಕೂತಿರಿ.

ತುಂಗಾತೀರ, ನಾನು ಹದಿನಾಲ್ಕು ವರ್ಷದಿಂದ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಓದುವವಳು. ನಿಮ್ಮ ರಿಪೋರ್ಟ್ ಒಳ್ಳೆಯ ರಿಪೋರ್ಟು. ಕಫ ಎದೆಯಿಂದ ಹೊರಗೆ ಬರುವಾಗ ಗಂಟಲು, ಬಾಯಿ ದಾಟಿ ಬರುತ್ತದೆ ಅಲ್ವಾ? ಅಲ್ಲಿರುವವು ಎಲ್ಲವೂ ಅದರ ಜೊತೆ ಡಬ್ಬಿಗೆ ಬೀಳುತ್ತವೆ. ಪ್ಲೇಟಿನ ಮೇಲೆ ಅವು ಬೆಳೆಯದಿದ್ದರೇ ನಮಗೆ ಅನುಮಾನ. ಈ ಮಾಮೂಲಿ ಸಂತೆಯನ್ನೇ "ನಾರ್ಮಲ್ ಫ್ಲೋರಾ" ಎನ್ನುವುದು.

ಇನ್ನು ಹಳೇ ಕ್ಲೆಬ್ಸಿಯೆಲ್ಲಾ ರಿಪೋರ್ಟ್. ಆ ಸ್ಯಾಂಪಲ್ ನಿಜವಾಗಿ ಕಫವಾಗಿತ್ತಾ, ಉಗುಳಾ? ನಾವು ಕಲ್ಚರ್‌ಗೆ ಹಾಕುವ ಮೊದಲು ಒಂದು ಗಾಜಿನ ಸ್ಲೈಡ್ ನೋಡುತ್ತೇವೆ. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಕೀವಿನ ಕಣಗಳು 25ಕ್ಕಿಂತ ಹೆಚ್ಚು, ಬಾಯಿಯ ಚರ್ಮದ ಕಣಗಳು 10ಕ್ಕಿಂತ ಕಡಿಮೆ ಕಂಡರೆ ಅದು ಎದೆಯಿಂದ ಬಂದದ್ದು ಎಂಬ ನಂಬಿಕೆ. ತಿರುಗುಮುರುಗಾಗಿದ್ದರೆ ಅದು ಎಂಜಲು, ವಾಪಸ್ ಕಳಿಸಬೇಕು. ಎಷ್ಟೋ ಕಡೆ ಕಳಿಸುವುದಿಲ್ಲ. ಎಂಜಲನ್ನೇ ಬೆಳೆಸಿ, ಸಿಕ್ಕಿದ್ದಕ್ಕೆ ಹೆಸರಿಟ್ಟು, ಯಾವ ಔಷಧಿ ನಾಟುತ್ತದೆ ಅಂತ ಪಟ್ಟಿ ಕೊಟ್ಟುಬಿಡುತ್ತಾರೆ. ಪಟ್ಟಿ ಕಂಡಮೇಲೆ ಇಂಜೆಕ್ಷನ್ ಬರೆಯದೆ ಇರಲು ಗಟ್ಟಿ ಡಾಕ್ಟರೇ ಬೇಕು.

ಮುಂದಿನ ಸಲ ಬೆಳಿಗ್ಗೆ ಎದ್ದ ತಕ್ಷಣ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಆಳದಿಂದ ಕೆಮ್ಮಿ ಡಬ್ಬಿಗೆ ಹಾಕಲಿ. ಎರಡು ಗಂಟೆಯೊಳಗೆ ಲ್ಯಾಬ್‌ಗೆ ಮುಟ್ಟಲಿ.

ತುಂಗಾತೀರ:
ಥ್ಯಾಂಕ್ಸ್ ಅಕ್ಕ. ಆ ಸ್ಯಾಂಪಲ್ ಮಧ್ಯಾಹ್ನ ಊಟ ಆದಮೇಲೆ ಕೊಟ್ಟಿದ್ದು, ಸಂಜೆವರೆಗೆ ನನ್ನ ಸ್ಕೂಟರ್ ಡಿಕ್ಕಿಯಲ್ಲಿತ್ತು. ಈಗ ನೆನಪಾಗಿ ನಾಚಿಕೆಯಾಗ್ತಿದೆ.

ಆದರೆ ನನ್ನ ಪ್ರಶ್ನೆ ಉಳಿದೇ ಇದೆ. ಬಾಯಿ ಸರಿ. ಗಂಟಲಿನ ಕೆಳಗೆ, ಶ್ವಾಸಕೋಶದ ಒಳಗೇ ಬ್ಯಾಕ್ಟೀರಿಯಾ ಇರುತ್ತದಾ?

ಸ್ಟೆತಸ್ಕೋಪು:
ಇರುತ್ತದೆ. ನಾನು ಮೈಸೂರು ಕಡೆ ಎದೆ ರೋಗದ ಡಾಕ್ಟರ್. ನಾವು ಓದುವಾಗ "ಆರೋಗ್ಯವಂತರ ಶ್ವಾಸಕೋಶದಲ್ಲಿ ಸೂಕ್ಷ್ಮಜೀವಿ ಇರುವುದಿಲ್ಲ" ಅಂತಲೇ ಪರೀಕ್ಷೆಯಲ್ಲಿ ಬರೆದು ಪಾಸಾದೆವು. ಅಮೆರಿಕದಲ್ಲಿ 2007ರಲ್ಲಿ ಮನುಷ್ಯನ ಮೈಮೇಲಿನ ಸೂಕ್ಷ್ಮಜೀವಿಗಳ ದೊಡ್ಡ ಗಣತಿ ಶುರುವಾಯಿತು. ಮೂಗು, ಬಾಯಿ, ಚರ್ಮ, ಕರುಳು ಎಲ್ಲ ಪಟ್ಟಿಯಲ್ಲಿದ್ದವು. ಶ್ವಾಸಕೋಶ ಮೊದಲಿಗೆ ಪಟ್ಟಿಯಲ್ಲೇ ಇರಲಿಲ್ಲ. ಖಾಲಿ ಮನೆಗೆ ಯಾರಾದರೂ ಗಣತಿಗೆ ಹೋಗುತ್ತಾರಾ?

2010ರಲ್ಲಿ ಲಂಡನ್‌ನ ಒಂದು ತಂಡ ಶ್ವಾಸನಾಳದ ಒಳಗೆ ಬ್ರಾಂಕೊಸ್ಕೋಪಿ ಕೊಳವೆಯ ಮೂಲಕ ಕುಂಚ ಹಾಕಿ ಸ್ಯಾಂಪಲ್ ತೆಗೆಯಿತು. ಅದನ್ನು ಪ್ಲೇಟಿನಲ್ಲಿ ಬೆಳೆಸುವ ಬದಲು ಬ್ಯಾಕ್ಟೀರಿಯಾದ ಡಿಎನ್‌ಎ ಓದಿತು. ಆರೋಗ್ಯವಂತರಲ್ಲೂ ಬ್ಯಾಕ್ಟೀರಿಯಾ ಸಿಕ್ಕವು! ಅವರಲ್ಲಿ ಪ್ರೆವೊಟೆಲ್ಲಾ ಜಾತಿಯವು ಜಾಸ್ತಿ. ಉಬ್ಬಸ ಮತ್ತು ಸಿಒಪಿಡಿ (ದೀರ್ಘಕಾಲ ಶ್ವಾಸನಾಳ ಕಟ್ಟಿಕೊಳ್ಳುವ ರೋಗ) ಇದ್ದವರಲ್ಲಿ ಹಿಮೋಫಿಲಸ್ ಇರುವ ಗುಂಪಿನವು ಜಾಸ್ತಿ. ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅಂದರೆ, ಪ್ರೆವೊಟೆಲ್ಲಾಗೆ ಆಮ್ಲಜನಕ ಆಗಿಬರುವುದಿಲ್ಲ. ಮಾಮೂಲಿ ಪ್ಲೇಟಿನಲ್ಲಿ ಅದು ಬೆಳೆಯುವುದೇ ಇಲ್ಲ. ಬೆಳೆಯದಿದ್ದದ್ದನ್ನು ನಾವು "ಇಲ್ಲ" ಅಂದುಕೊಂಡೆವು.

ಇವು ಬರುವುದು ಎಲ್ಲಿಂದ? ಬಹುಪಾಲು ನಮ್ಮದೇ ಬಾಯಿಂದ. ಗಾಢ ನಿದ್ದೆಯಲ್ಲಿ ಆರೋಗ್ಯವಂತರಲ್ಲಿಯೂ ಸುಮಾರು ಅರ್ಧದಷ್ಟು ಜನರ ಎಂಜಲು ಚೂರುಪಾರು ಶ್ವಾಸನಾಳಕ್ಕೆ ಇಳಿಯುತ್ತದೆ. ಹಗಲು ಉಸಿರಾಡುವ ಗಾಳಿಯೇ ದಿನಕ್ಕೆ ಹತ್ತಿರಹತ್ತಿರ ಹತ್ತು ಸಾವಿರ ಲೀಟರ್, ಅದರಲ್ಲೂ ಒಂದಿಷ್ಟು. ಹೊರಗೆ ಹೋಗುವ ದಾರಿಯೂ ಇದೆ. ಶ್ವಾಸನಾಳದ ಒಳಗೋಡೆಯಲ್ಲಿ ಸಣ್ಣ ಸಣ್ಣ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿದು, ಲೋಳೆಯನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಗಂಟಲಿಗೆ ಬಂದದ್ದನ್ನು ಗೊತ್ತೇ ಆಗದಂತೆ ನುಂಗುತ್ತೇವೆ. ಕೆಮ್ಮು ಇದೆ, ಬ್ಯಾಕ್ಟೀರಿಯಾ ತಿನ್ನುವ ಕಣಗಳಿವೆ.

ಕರುಳು ಒಂದು ಊರು. ಅಲ್ಲಿ ತಲೆತಲಾಂತರದ ಕುಟುಂಬಗಳು, ಒಂದು ಗ್ರಾಂ ಮಲದಲ್ಲಿ ಹತ್ತು ಸಾವಿರ ಕೋಟಿಯ ಲೆಕ್ಕ. ಶ್ವಾಸಕೋಶ ಒಂದು ಬಸ್ ಸ್ಟ್ಯಾಂಡ್. ಜನ ಬರುತ್ತಾರೆ, ಹೋಗುತ್ತಾರೆ, ಯಾವ ಹೊತ್ತಲ್ಲಿ ನೋಡಿದರೂ ನಾಲ್ಕು ಜನ ಇರುತ್ತಾರೆ. ಅದು ಸಹಜ. ಬಸ್ಸು ಓಡುವುದು ನಿಂತು, ಬಂದವರು ಅಲ್ಲೇ ಒಲೆ ಹೂಡಿದಾಗ ತೊಂದರೆ.

ನಿಮ್ಮ ಅಮ್ಮನ ವಿಷಯದಲ್ಲಿ ಆಗಿರುವುದು ಅದೇ. ತೀರ್ಥಹಳ್ಳಿ ಕಡೆಯವರಿಗೆ ತೋಟದ ಲೆಕ್ಕದಲ್ಲಿ ಹೇಳಿದರೆ ಸುಲಭ. ಬಸಿಗಾಲುವೆಯಲ್ಲಿ ಹೂಳು ತುಂಬಿದೆ. ಟಿಬಿ ಹೋದರೂ ನಳಿಕೆಯ ಗೋಡೆ ಹಾಳಾಗಿದೆ, ರೋಮಗಳು ಉದುರಿವೆ, ಲೋಳೆ ನಿಂತಿದೆ. ನಿಂತ ನೀರಿನಲ್ಲಿ ಏನೋ ಒಂದು ಹುಟ್ಟುತ್ತದೆ. ಹುಟ್ಟಿದ್ದನ್ನು ಮಾತ್ರ ಕೊಲ್ಲುತ್ತಾ ಕೂತರೆ ಪ್ರಯೋಜನವಿಲ್ಲ. ಕಾಲುವೆ ಬಿಡಿಸಬೇಕು.

ಅಂದ ಹಾಗೆ ನಿಮ್ಮ ಅಮ್ಮ ಒಬ್ಬರೇ ಅಲ್ಲ. ಭಾರತದ ಬ್ರಾಂಕಿಯೆಕ್ಟಾಸಿಸ್ ರೋಗಿಗಳ ನೋಂದಣಿಯೊಂದು 2019ರಲ್ಲಿ ಪ್ರಕಟವಾಯಿತು. 2,195 ಜನರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಿಗೆ ಮೂಲ ಹಳೇ ಟಿಬಿ. ಯುರೋಪಿನವರ ಪುಸ್ತಕ ಓದಿ ನಮ್ಮವರಿಗೆ ಔಷಧಿ ಕೊಡುವಾಗ ಇದನ್ನು ಮರೆಯಬಾರದು.

ಮೇಷ್ಟ್ರು:
ಬಸಿಗಾಲುವೆ ಉದಾಹರಣೆಗೆ ನಮಸ್ಕಾರ ಡಾಕ್ಟ್ರೇ. ಪಾಠ ಮಾಡುವ ಕಾಲದಲ್ಲಿ ಇದು ಗೊತ್ತಿದ್ದರೆ ಹಲಗೆಯ ಮೇಲೆ ಬರೆಯುತ್ತಿದ್ದೆ.

ನೀರುದೋಸೆ:
ನಮ್ಮ ಮಗಳಿಗೆ ನಾಲ್ಕು ವರ್ಷ, ನೆಗಡಿ ಬಂದರೆ ಸಾಕು ಎದೆ ಸುಂಯ್‌ಗುಟ್ಟುತ್ತದೆ. ಫೋನಿನಲ್ಲಿ ಒಂದು ಜಾಹೀರಾತು ಬರ್ತಾ ಉಂಟು. "ಶ್ವಾಸಕೋಶಕ್ಕೆ ಪ್ರೊಬಯಾಟಿಕ್, ಒಳ್ಳೆ ಬ್ಯಾಕ್ಟೀರಿಯಾ ತುಂಬಿಸಿ" ಅಂತ. ತಿಂಗಳಿಗೆ ಎರಡು ಸಾವಿರ ಮಾರಾಯ್ರೆ. ಕೊಡಬಹುದಾ?

ಚಾಕೊಲೇಟ್ ಅಗಾರ್:
ಬೇಡ. ಎರಡು ಸಾವಿರಕ್ಕೆ ಎಷ್ಟು ಮೊಸರು ಬರುತ್ತೆ ಲೆಕ್ಕ ಹಾಕಿ. ಮೊಸರೂ ಎದೆಗೆ ಹೋಗುವುದಿಲ್ಲ, ಆದರೆ ರುಚಿಯಾದರೂ ಇರುತ್ತೆ.

ಸ್ಟೆತಸ್ಕೋಪು:
ನೀರುದೋಸೆ ಮೇಡಂ, ಮಕ್ಕಳ ಮೂಗಿನ ಕಥೆ ಸ್ವಲ್ಪ ಬೇರೆ. ಅದರಲ್ಲಿ ಒಳ್ಳೆಯ ಕೆಲಸ ನಡೆದಿದೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಒಂದು ತಿಂಗಳ ಕೂಸುಗಳ ಗಂಟಲಿನ ಕೆಳಭಾಗದಿಂದ ಸ್ಯಾಂಪಲ್ ತೆಗೆದು ಐದು ವರ್ಷ ಹಿಂಬಾಲಿಸಿದರು. ತಾಯಂದಿರಿಗೆ ಉಬ್ಬಸ ಇದ್ದ ಮನೆಗಳು ಅವು. 2007ರಲ್ಲಿ ಫಲಿತಾಂಶ ಬಂತು. ನ್ಯೂಮೊಕಾಕಸ್, ಹಿಮೋಫಿಲಸ್, ಮೊರಾಕ್ಸೆಲ್ಲಾ, ಈ ಮೂರು ಬ್ಯಾಕ್ಟೀರಿಯಾಗಳಲ್ಲಿ ಯಾವುದಾದರೂ ಹುಟ್ಟಿದ ಒಂದು ತಿಂಗಳಲ್ಲೇ ಮನೆ ಮಾಡಿಕೊಂಡಿದ್ದ ಮಕ್ಕಳಲ್ಲಿ ಮುಂದೆ ಉಬ್ಬಸ ಜಾಸ್ತಿ ಕಂಡಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲೂ ಎರಡು ತಿಂಗಳ ಹೊತ್ತಿಗೇ ಮೂಗಿನಲ್ಲಿ ಸ್ಟ್ರೆಪ್ಟೊಕಾಕಸ್ ಹೆಚ್ಚಿದ್ದ ಮಕ್ಕಳ ಬಗ್ಗೆ ಇದೇ ಥರದ ಸುಳಿವು ಸಿಕ್ಕಿತು. ನೆದರ್ಲೆಂಡ್ಸ್‌ನವರು ಇನ್ನೊಂದು ನೋಡಿದರು. ಎದೆಹಾಲು ಕುಡಿದ ಕೂಸುಗಳ ಮೂಗಿನಲ್ಲಿ ಕೊರಿನಿಬ್ಯಾಕ್ಟೀರಿಯಂ, ಡೊಲೊಸಿಗ್ರಾನುಲಂ ಅಂತ ಎರಡು ಸಾಧು ಜಾತಿಗಳು ಜಾಸ್ತಿ ಇದ್ದವು.

ಹಾಗಂತ ಇದನ್ನೆಲ್ಲ ಓದಿ ಕೂಸಿನ ಮೂಗು ಸ್ವಚ್ಛ ಮಾಡಲು ಹೋಗಬೇಡಿ. ನಿಮ್ಮ ಕೈಲಿ ಆಗುವುದು ಇಷ್ಟು: ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಸೇದಬಾರದು, ಡಾಕ್ಟರ್ ಇನ್ಹೇಲರ್ ಬರೆದರೆ ಹೆದರದೆ ಕೊಡಿ, ಲಸಿಕೆ ತಪ್ಪಿಸಬೇಡಿ. ನ್ಯೂಮೊಕಾಕಸ್ ಲಸಿಕೆ ಭಾರತದ ಸರ್ಕಾರಿ ಪಟ್ಟಿಗೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಬಂತು, 2021ರಲ್ಲಿ ದೇಶಕ್ಕೆಲ್ಲ. ಆರು ವಾರ, ಹದಿನಾಲ್ಕು ವಾರ, ಆಮೇಲೆ ಒಂಬತ್ತು ತಿಂಗಳು. ಅದರ ಚೆಂದ ಏನೆಂದರೆ, ಅದು ಕೂಸಿಗೆ ನ್ಯೂಮೋನಿಯಾ ತಡೆಯುವುದಷ್ಟೇ ಅಲ್ಲ, ಕೂಸಿನ ಮೂಗಿನಲ್ಲಿ ಆ ಬ್ಯಾಕ್ಟೀರಿಯಾ ನೆಲೆಯಾಗುವುದನ್ನೂ ತಗ್ಗಿಸುತ್ತದೆ. ಮೊಮ್ಮಗುವಿಗೆ ಲಸಿಕೆ ಹಾಕಿದರೆ ಮುದ್ದು ಮಾಡುವ ಅಜ್ಜನೂ ಬಚಾವು.

ನೀರುದೋಸೆ:
ಇನ್ಹೇಲರ್ ಚಟ ಆಗ್ತದೆ ಅಂತ ಅತ್ತೆ ಹೇಳ್ತಾರೆ.

ಸ್ಟೆತಸ್ಕೋಪು:
ಆಗುವುದಿಲ್ಲ. ಸ್ಟೆರಾಯ್ಡ್ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಶಿಲೀಂಧ್ರ ಕೂರಬಹುದು. ಅತ್ತೆಯವರಿಗೆ ಹೇಳಿ, ಚಟ ಆಗುವುದು ಕೆಮ್ಮಿನ ಸಿರಪ್‌ಗಳಲ್ಲಿ ಕೆಲವು.

ಕೊಟ್ಟಿಗೆಮನೆ:
ನಾವು ಹಾಸನದ ಕಡೆಯವರು. ಸಗಣಿ ಗಂಜಲದಲ್ಲೇ ಬೆಳೆದೆವು, ನಮ್ಮ ಮನೆಯಲ್ಲಿ ಯಾರಿಗೂ ಉಬ್ಬಸ ಇಲ್ಲ. ಬೆಂಗಳೂರಿನ ಅಕ್ಕನ ಮಕ್ಕಳು ಇಬ್ಬರಿಗೂ ಇದೆ. ಇದರಲ್ಲಿ ಏನಾದರೂ ಇದೆಯಾ, ಇಲ್ಲ ನಾನು ಸುಮ್ನೆ ಹೆಮ್ಮೆ ಪಡ್ತಿದ್ದೀನಾ?

ಅನುಮಾನಪ್ಪ:
ಎರಡೂ ಸ್ವಲ್ಪ ಸ್ವಲ್ಪ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಅಂತ ಎರಡು ರೈತ ಸಮುದಾಯಗಳಿವೆ. ಮೂಲ, ಊಟ, ಬದುಕು ಹೆಚ್ಚುಕಮ್ಮಿ ಒಂದೇ. ಆಮಿಶರು ಮನೆ ಪಕ್ಕದಲ್ಲೇ ಹಸು, ಕುದುರೆ ಕಟ್ಟಿಕೊಂಡು ಹಳೇ ಪದ್ಧತಿಯಲ್ಲಿದ್ದಾರೆ. ಹಟರೈಟರದ್ದು ದೊಡ್ಡ ಯಂತ್ರಗಳ ಬೇಸಾಯ, ಮಕ್ಕಳಿಗೆ ಕೊಟ್ಟಿಗೆಯ ಒಡನಾಟ ಕಡಿಮೆ. 2016ರ ಅಧ್ಯಯನದಲ್ಲಿ ಆಮಿಶ್ ಶಾಲಾಮಕ್ಕಳಲ್ಲಿ ಉಬ್ಬಸ ಸುಮಾರು 5 ಶೇಕಡಾ, ಹಟರೈಟ್ ಮಕ್ಕಳಲ್ಲಿ 21. ಆಮಿಶ್ ಮನೆಯ ಧೂಳನ್ನು ಇಲಿಗಳ ಮೂಗಿಗೆ ಹಾಕಿದರೆ ಅವುಗಳ ಅಲರ್ಜಿ ತಗ್ಗಿತು, ಹಟರೈಟ್ ಧೂಳಿನಿಂದ ತಗ್ಗಲಿಲ್ಲ. ಆ ಧೂಳಿನಲ್ಲಿ ಬ್ಯಾಕ್ಟೀರಿಯಾದ ಚೂರುಗಳು ಹೆಚ್ಚಿದ್ದವು.

ಆದರೆ ಅದನ್ನು ಹಿಡಿದು "ಹಳ್ಳಿ ಗಾಳಿ ಶುದ್ಧ" ಅಂತ ಶುರು ಮಾಡಬೇಡಿ. ನಿಮ್ಮ ಕೊಟ್ಟಿಗೆ ಪಕ್ಕದಲ್ಲೇ ಸೌದೆ ಒಲೆಯೂ ಇದೆ.

ಸ್ಟೆತಸ್ಕೋಪು:
ಆ ಒಲೆಯ ಮಾತು ಬಂದದ್ದು ಒಳ್ಳೆಯದಾಯಿತು. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಅದನ್ನು ಎಷ್ಟು ವರ್ಷದಿಂದ, ಎರಡನ್ನೂ ಗುಣಿಸಬೇಕು. ಉತ್ತರ 60 ದಾಟಿದರೆ ದೀರ್ಘಕಾಲದ ಕಫಕೆಮ್ಮಿನ ಅಪಾಯ ಎದ್ದು ಕಾಣುತ್ತದೆ ಅಂತ ಅವರು ಕಂಡುಕೊಂಡರು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ಮುಗಿಯಿತು, 60. ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ನಲವತ್ತರೊಳಗೆ ಅಲ್ಲಿಗೆ ಮುಟ್ಟುತ್ತಾಳೆ. ಒಂದು ಬೀಡಿಯನ್ನೂ ಸೇದದೆ.

ಹೊಗೆ ಮೊದಲು ಹೊಡೆಯುವುದು ನಾನು ಹೇಳಿದ ಆ ರೋಮಗಳನ್ನೇ. ಲೋಳೆ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಕೂರುತ್ತವೆ, ಉರಿಯೂತ ಹೆಚ್ಚುತ್ತದೆ, ಉರಿಯೂತದಿಂದ ಇನ್ನಷ್ಟು ಲೋಳೆ. ಸುತ್ತು ಸುತ್ತು. ತುಂಗಾತೀರ, ನಿಮ್ಮ ಬಚ್ಚಲೊಲೆಗೆ ಬೆಂಕಿ ಹಾಕುವುದು ಯಾರು?

ತುಂಗಾತೀರ:
ಅಮ್ಮನೇ. ಗ್ಯಾಸ್ ಇದೆ, ಆದರೆ ಸ್ನಾನದ ನೀರಿಗೆ ಹಂಡೆಯೇ ಬೇಕು ಅಂತಾರೆ. ಮಳೆಗಾಲದಲ್ಲಿ ಹಸಿ ಸೌದೆ, ಬರೀ ಹೊಗೆ.

ಸ್ಟೆತಸ್ಕೋಪು:
ಅದನ್ನು ಇಂದೇ ನೀವು ವಹಿಸಿಕೊಳ್ಳಿ.

ಗಿರ್ಮಿಟ್:
ನನ್ನ ಹತ್ತಿರ ಬರ್ತೀನಿ ಅಂದ ಲ್ಯಾಬ್ ಮೇಡಂ ಇನ್ನೂ ಬರಲಿಲ್ಲ. ಕಫ ಹಳದಿ ಆದರೆ ಇನ್ಫೆಕ್ಷನ್ ಅಲ್ಲೇನ್ರಿ? ಅದಕ್ಕೆ ಆಂಟಿಬಯಾಟಿಕ್ ಬೇಡ್ವಾ?

ಚಾಕೊಲೇಟ್ ಅಗಾರ್:
ಬಂದೆ. ಹಳದಿ ಹಸಿರು ಬಣ್ಣ ಬ್ಯಾಕ್ಟೀರಿಯಾದ್ದಲ್ಲ, ನಿಮ್ಮದೇ ಬಿಳಿ ರಕ್ತಕಣದ್ದು. ಆ ಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವ ಇದೆ. ವೈರಸ್ ನೆಗಡಿಯಲ್ಲೂ ಮೂರನೇ ದಿನ ಸಿಂಬಳ ಹಳದಿಯಾಗುವುದು ಅದರಿಂದಲೇ. ನಿಮ್ಮ ಮನೆಯವರು ಮೂರು ದಿನಕ್ಕೆ ಎದ್ದು ಕೂತದ್ದು ಮಾತ್ರೆಯಿಂದಲ್ಲ, ನೆಗಡಿ ಅಷ್ಟೊತ್ತಿಗೆ ಇಳಿಮುಖವಾಗುವುದರಿಂದ. ಮಾತ್ರೆ ಮಾತ್ರ ಸುಮ್ಮನೆ ಕೂರಲಿಲ್ಲ. ಮೂಗು, ಗಂಟಲು, ಕರುಳಿನಲ್ಲಿದ್ದ ಸಾಧುಗಳನ್ನೆಲ್ಲ ಹೊಡೆಯಿತು. ಉಳಿದದ್ದು ಯಾವುದು? ಅಜಿತ್ರೊಮೈಸಿನ್‌ಗೆ ಬಗ್ಗದ್ದು. ಅಂಥವನ್ನು ನಾನು ಪ್ರತಿದಿನ ಪ್ಲೇಟಿನಲ್ಲಿ ನೋಡುತ್ತೇನೆ. ಔಷಧಿ ನಾಟಿದರೆ ಪ್ಲೇಟಿನಲ್ಲಿಟ್ಟ ಅದರ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಖಾಲಿ ಜಾಗ ಉಳಿಯಬೇಕು. ಇವುಗಳಲ್ಲಿ ಆ ಜಾಗವೇ ಇರುವುದಿಲ್ಲ, ಅಂಚಿನವರೆಗೆ ಬೆಳೆದುಕೊಂಡು ಬಂದಿರುತ್ತವೆ. ಅಂಥ ರಿಪೋರ್ಟ್ ಟೈಪ್ ಮಾಡುವಾಗ ಬೇಜಾರಾಗುತ್ತೆ.

ಕೋವಿಡ್ ಹೊತ್ತಲ್ಲಿ ಇಡೀ ದೇಶ ಇದೇ ಮಾತ್ರೆ ನುಂಗಿತು. ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು 2021ರಲ್ಲಿ ಹೇಳಿತು, ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳ ಜೀವ ಉಳಿಸುವುದರಲ್ಲಿ ಅದರಿಂದ ಪ್ರಯೋಜನವಿಲ್ಲ ಅಂತ.

ಸ್ಟೆತಸ್ಕೋಪು:
ಒಂದು ತಿದ್ದುಪಡಿ, ಇಲ್ಲದಿದ್ದರೆ ನನ್ನ ರೋಗಿಗಳೇ ಬಂದು ಜಗಳ ಮಾಡುತ್ತಾರೆ. ಅಜಿತ್ರೊಮೈಸಿನ್ ವಿಷವಲ್ಲ. ಆಸ್ಟ್ರೇಲಿಯಾದಲ್ಲಿ 420 ಜನ ಉಬ್ಬಸ ರೋಗಿಗಳಿಗೆ ವಾರಕ್ಕೆ ಮೂರು ಸಲ, 48 ವಾರ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾಯಿತು. ಇನ್ಹೇಲರ್ ತಗೊಂಡೂ ಹತೋಟಿಗೆ ಬಾರದವರಲ್ಲಿ ಉಬ್ಬಸ ಉಲ್ಬಣವಾಗುವುದು ನಿಜಕ್ಕೂ ಕಡಿಮೆಯಾಯಿತು. ಬ್ರಾಂಕಿಯೆಕ್ಟಾಸಿಸ್‌ನಲ್ಲೂ ವರ್ಷಕ್ಕೆ ಮೂರ್ನಾಲ್ಕು ಸಲ ರೋಗ ಉಲ್ಬಣವಾಗಿ ಹಾಸಿಗೆ ಹಿಡಿಯುವವರಿಗೆ ಕೊಡುತ್ತೇವೆ. ಅದು ಉರಿಯೂತವನ್ನೂ ತಗ್ಗಿಸುತ್ತದೆ. ಆದರೆ ಕೊಡುವ ಮೊದಲು ಇಸಿಜಿ ಬೇಕು, ಟಿಬಿ ಜಾತಿಯ ಬೇರೆ ಸೋಂಕುಗಳು ಇಲ್ಲ ಅಂತ ಕಫ ಪರೀಕ್ಷೆ ಬೇಕು. ಅಂಗಡಿಯವನು ಕತ್ತರಿಸಿ ಕೊಡುವ ಮೂರು ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ.

ಗಿರ್ಮಿಟ್:
ಆಯ್ತ್ರೀ ಯಪ್ಪಾ, ಸೋತೆ. ಡ್ರಾಯರ್‌ನಲ್ಲಿ ಎರಡು ಮಾತ್ರೆ ಉಳಿದಿತ್ತು, ಅದನ್ನೂ ನೆಗಡಿಗೆ ಅಂತ ಇಟ್ಟಿದ್ದೆ.

ಅನುಮಾನಪ್ಪ:
ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ. ಇಂಥ ಡಿಎನ್‌ಎ ದತ್ತಾಂಶವನ್ನೇ ಜಾಲಾಡುವುದು ನನ್ನ ಹೊಟ್ಟೆಪಾಡು.

ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ. ಸ್ಯಾಂಪಲ್‌ನಿಂದ ಡಿಎನ್‌ಎ ತೆಗೆಯಲು ಬಳಸುವ ಕಿಟ್ ಇದೆಯಲ್ಲ, ಅದರೊಳಗೇ ಬ್ಯಾಕ್ಟೀರಿಯಾದ ಡಿಎನ್‌ಎ ಕಲಬೆರಕೆಯಾಗಿರುತ್ತದೆ. 2014ರಲ್ಲಿ ಬ್ರಿಟನ್ನಿನವರು ಇದನ್ನು ತೋರಿಸಿಕೊಟ್ಟರು. ಒಂದೇ ಬ್ಯಾಕ್ಟೀರಿಯಾವನ್ನು ತೆಳು ಮಾಡುತ್ತಾ ಹೋದಂತೆ, ಕೊನೆಗೆ ಯಂತ್ರ ಓದಿದ್ದು ಹೆಚ್ಚಾಗಿ ಕಿಟ್ಟಿನ ಕಸವನ್ನೇ! ಅದಕ್ಕೇ ಖಾಲಿ ಸ್ಯಾಂಪಲ್ ಜೊತೆಗಿಟ್ಟು ಹೋಲಿಸದೆ ಇರುವ ಶ್ವಾಸಕೋಶದ ಅಧ್ಯಯನವನ್ನು ನಾನು ಓದುವುದೇ ಇಲ್ಲ. ಡಿಎನ್‌ಎ ಸಿಕ್ಕಿತು ಅಂದರೆ ಬದುಕಿದ್ದ ಬ್ಯಾಕ್ಟೀರಿಯಾ ಸಿಕ್ಕಿತು ಅಂತಲೂ ಅಲ್ಲ.

ಎರಡನೆಯದು, ಕೋಳಿ ಮೊದಲೋ ಮೊಟ್ಟೆ ಮೊದಲೋ. ಕಾರಣವೇ ತಿಳಿಯದೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಒಂದು ರೋಗ ಇದೆ, ಐಪಿಎಫ್ ಅಂತ. ಆ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ರೋಗ ಬೇಗ ಬಲಿಯುತ್ತದೆ ಅಂತ ಕಂಡುಬಂತು. ಹಾಗಾದರೆ ಆಂಟಿಬಯಾಟಿಕ್ ಕೊಟ್ಟರೆ ಆಯಿತಲ್ಲ? ಕೊಟ್ಟರು. ಅಮೆರಿಕದಲ್ಲಿ 513 ರೋಗಿಗಳು, 2021ರಲ್ಲಿ ಫಲಿತಾಂಶ: ಏನೂ ಉಪಯೋಗವಿಲ್ಲ. ಅಂದರೆ ಅಲ್ಲಿ ಬ್ಯಾಕ್ಟೀರಿಯಾ ಕಳ್ಳನಲ್ಲದೆ ಇರಬಹುದು. ಬಾಗಿಲು ಮುರಿದ ಮೇಲೆ ಒಳಗೆ ಬಂದ ನಾಯಿ ಇರಬಹುದು.

ಚಾಕೊಲೇಟ್ ಅಗಾರ್:
ಒಪ್ಪಿದೆ. ಆದರೆ ಯಾವಾಗಲೂ ನಾಯಿ ಅಂತಲೂ ಹೇಳಬೇಡಿ. ಹುಟ್ಟಿನಿಂದಲೇ ಎದೆಯ ಲೋಳೆ ಅಂಟಂಟಾಗುವ ಸಿಸ್ಟಿಕ್ ಫೈಬ್ರೋಸಿಸ್ ರೋಗದ ಮಕ್ಕಳಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದು ಸಲ ಲೋಳೆಯ ಗೂಡು ಕಟ್ಟಿಕೊಂಡರೆ ಎಬ್ಬಿಸುವುದು ಎಷ್ಟು ಕಷ್ಟ ಅಂತ ಕೇಳಿ ನೋಡಿ. ಸಿಒಪಿಡಿಯಲ್ಲೂ ಅಮೆರಿಕದ ಬಫಲೋದವರು 2002ರಲ್ಲಿ ಚೆನ್ನಾಗಿ ತೋರಿಸಿದರು. ರೋಗಿಗಳ ಕಫವನ್ನು ತಿಂಗಳು ತಿಂಗಳು ನೋಡುತ್ತಾ ಹೋದರು. ಹಳೇ ಹಿಮೋಫಿಲಸ್ ಸುಮ್ಮನೆ ಕೂತಿತ್ತು. ಅದೇ ಹಿಮೋಫಿಲಸ್‌ನ ಹೊಸ ತಳಿ ಬಂದ ತಿಂಗಳಲ್ಲಿ ಉಸಿರಾಟ ಕೆಡುವುದು ಜಾಸ್ತಿ. ಹೆಸರು ಒಂದೇ, ಆಸಾಮಿ ಬೇರೆ. ರಿಪೋರ್ಟಿನಲ್ಲಿ ಎರಡಕ್ಕೂ ಒಂದೇ ಸಾಲು ಬರುತ್ತೆ, ಅದೇ ನಮ್ಮ ಕಷ್ಟ.

ಮೇಷ್ಟ್ರು:
ಹಿಮೋಫಿಲಸ್‌ನ ಪೂರ್ತಿ ಹೆಸರು ಹಿಮೋಫಿಲಸ್ ಇನ್‌ಫ್ಲುಯೆಂಜಾ ಅಲ್ಲವೇ? ಫ್ಲೂ ಬರುವುದು ವೈರಸ್‌ನಿಂದ, ಬ್ಯಾಕ್ಟೀರಿಯಾಗೆ ಆ ಹೆಸರು ಹೇಗೆ ಬಂತು?

ಚಾಕೊಲೇಟ್ ಅಗಾರ್:
ಅಯ್ಯೋ ಮೇಷ್ಟ್ರೇ, ನನಗೆ ಪ್ರಿಯವಾದ ಕಥೆ ಕೇಳಿದಿರಿ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಈ ಬ್ಯಾಕ್ಟೀರಿಯಾ ಕಂಡು, ಇದೇ ಫ್ಲೂಗೆ ಕಾರಣ ಅಂದರು. ದೊಡ್ಡವರ ಮಾತು, ಎಲ್ಲರೂ ನಂಬಿದರು. 1918ರ ಮಹಾಮಾರಿಯಲ್ಲಿ ಕೆಲವು ಕಡೆ ಸಿಕ್ಕಿತು, ಕೆಲವು ಕಡೆ ಸಿಗಲಿಲ್ಲ. ಸಿಗದವರು ತಮ್ಮ ಕೈಚಳಕವೇ ಸರಿಯಿಲ್ಲ ಅಂದುಕೊಂಡರು. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ. ಹೆಸರು ಮಾತ್ರ ಹಾಗೇ ಉಳಿಯಿತು. ಅದನ್ನು ಬೆಳೆಸಲು ರಕ್ತವನ್ನು ಬಿಸಿ ಮಾಡಿ ಕಂದು ಬಣ್ಣಕ್ಕೆ ತಂದ ಅಗಾರ್ (ಪ್ಲೇಟಿಗೆ ಹಾಕುವ ಜೆಲ್ಲಿ) ಬೇಕು. ನೋಡಲು ಚಾಕೊಲೇಟ್ ಥರ, ಅದಕ್ಕೇ ಚಾಕೊಲೇಟ್ ಅಗಾರ್. ನನ್ನ ಹೆಸರಿನ ಗುಟ್ಟು ಅದು. ತಿನ್ನಬೇಡಿ.

ಸ್ಟೆತಸ್ಕೋಪು:
ಆ ಕಥೆಗೆ ಇನ್ನೊಂದು ತಿರುವು ಇದೆ. ಫೈಫರ್ ಪೂರ್ತಿ ದಡ್ಡರಲ್ಲ. 1918ರಲ್ಲಿ ಸತ್ತವರ ಶ್ವಾಸಕೋಶದ ಚೂರುಗಳನ್ನು ಅಮೆರಿಕದಲ್ಲಿ ಜೋಪಾನ ಮಾಡಿದ್ದರು. 2008ರಲ್ಲಿ ಅವನ್ನು ಮತ್ತೆ ಪರೀಕ್ಷಿಸಿ, ಆ ಕಾಲದ ಶವಪರೀಕ್ಷೆಯ ದಾಖಲೆಗಳನ್ನೂ ಓದಿದರು. ಹೆಚ್ಚಿನವರನ್ನು ಕೊಂದದ್ದು ವೈರಸ್ ಒಂದೇ ಅಲ್ಲ. ಅದರ ಹಿಂದೆ ಬಂದ ಬ್ಯಾಕ್ಟೀರಿಯಾದ ನ್ಯೂಮೋನಿಯಾ. ಯಾವ ಬ್ಯಾಕ್ಟೀರಿಯಾ? ನ್ಯೂಮೊಕಾಕಸ್, ಸ್ಟ್ರೆಪ್ಟೊಕಾಕಸ್, ಇಂಥವು. ಅವರವರ ಮೂಗು ಗಂಟಲಿನಲ್ಲಿ ಮೊದಲೇ ಇದ್ದವೇ. ವೈರಸ್ ಬೇಲಿ ಮುರಿಯಿತು, ಮೇಯುತ್ತಿದ್ದ ದನ ತೋಟಕ್ಕೆ ನುಗ್ಗಿತು.

ನೆಕ್ಕರ್ ದಂಡೆ:
ಜರ್ಮನಿಯ ಟ್ಯೂಬಿಂಗನ್‌ನಿಂದ ನಮಸ್ಕಾರ. ನಮ್ಮೂರಿನ ಹೆಸರು ಇಲ್ಲಿ ಬರಲೇಬೇಕು. 2016ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದವರು ಮೂಗಿನಿಂದಲೇ ಒಂದು ಹೊಸ ಆಂಟಿಬಯಾಟಿಕ್ ಹೆಕ್ಕಿ ತೆಗೆದರು! ಪ್ರಪಂಚದಲ್ಲಿ ಸುಮಾರು 30 ಶೇಕಡಾ ಜನರ ಮೂಗಿನಲ್ಲಿ ಸ್ಟಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮಾಮೂಲಿ ದಿನ ಸುಮ್ಮನಿರುತ್ತದೆ, ಆಪರೇಷನ್ ಆದಾಗ ಗಾಯಕ್ಕೆ ಸೇರಿಕೊಂಡು ಪೀಡಿಸುತ್ತದೆ. ಉಳಿದವರ ಮೂಗಿನಲ್ಲಿ ಯಾಕಿಲ್ಲ ಅಂತ ಹುಡುಕುವಾಗ, ಕೆಲವರ ಮೂಗಿನಲ್ಲಿ ಅದರದೇ ದಾಯಾದಿ ಸ್ಟಾಫಿಲೊಕಾಕಸ್ ಲುಗ್ಡುನೆನ್ಸಿಸ್ ಸಿಕ್ಕಿತು. ಅದು ಲುಗ್ಡುನಿನ್ ಎಂಬ ರಸ ಬಿಟ್ಟು ಆರಿಯಸ್ಸನ್ನು ಕೊಲ್ಲುತ್ತದೆ. ಮೂಗು ಬಡವರ ಊರು, ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ. ಅದಕ್ಕೇ ಜಾಗಕ್ಕೆ ಅಷ್ಟು ಹೊಡೆದಾಟ.

ನೀರುದೋಸೆ:
ಆ ಔಷಧಿ ಸಿಗ್ತದಾ?

ನೆಕ್ಕರ್ ದಂಡೆ:
ಇಲ್ಲ ಅಕ್ಕ, ಅಂಗಡಿಗೆ ಬಂದಿಲ್ಲ.

ಸ್ಟೆತಸ್ಕೋಪು:
ತುಂಗಾತೀರ, ನಿಮ್ಮ ಅಮ್ಮನಿಗೆ ಹಲ್ಲಿನ ಸೆಟ್ ಇದೆಯಾ?

ತುಂಗಾತೀರ:
ಇದೆ, ಮೇಲಿನದು. ಯಾಕೆ ಸರ್?

ಸ್ಟೆತಸ್ಕೋಪು:
ರಾತ್ರಿ ಹಾಕಿಕೊಂಡೇ ಮಲಗುತ್ತಾರಾ?

ತುಂಗಾತೀರ:
ಹೌದು. ತೆಗೆದರೆ ಮುಖ ಮುದುಕಿ ಥರ ಕಾಣುತ್ತೆ ಅಂತ.

ಸ್ಟೆತಸ್ಕೋಪು:
ತೆಗೆಸಿ. ತಿಕ್ಕಿ ತೊಳೆದು, ನೀರಿನ ಡಬ್ಬಿಯಲ್ಲಿಡಿ. ಎದೆಗೆ ಬರುವ ಬ್ಯಾಕ್ಟೀರಿಯಾದ ಮೂಲ ಬಾಯಿ ಅಂದೆನಲ್ಲ, ಅದರಲ್ಲಿ ನಮ್ಮ ಕೈಲಿ ನಿಜವಾಗಿ ಏನಾದರೂ ಮಾಡಲು ಆಗುವ ಜಾಗ ಇದೊಂದೇ. ಜಪಾನಿನ ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಪ್ರತಿ ಊಟದ ನಂತರ ಹಿರಿಯರ ಬಾಯಿ ಶುಚಿ ಮಾಡಿದ ಗುಂಪಿನಲ್ಲಿ ನ್ಯೂಮೋನಿಯಾ ಕಡಿಮೆಯಾಯಿತು, ಅದರಿಂದಾಗುವ ಸಾವೂ ಕಡಿಮೆಯಾಯಿತು. ಐಸಿಯು ರೋಗಿಗಳ ಬಗ್ಗೆ ಹಲವು ಪ್ರಯೋಗಗಳನ್ನು ಕೂಡಿಸಿ 2023ರಲ್ಲಿ ನೋಡಿದಾಗಲೂ ಅದೇ. ಹಲ್ಲುಜ್ಜಿಸಿದವರಲ್ಲಿ ಆಸ್ಪತ್ರೆಯಲ್ಲಿ ತಗಲುವ ನ್ಯೂಮೋನಿಯಾ ಕಡಿಮೆ. ಒಂದು ಬ್ರಷ್ಷು! ನಮ್ಮ ವಾರ್ಡಿನಲ್ಲಿ ಇದನ್ನು ಹೇಳಿದಾಗ ಯಾರೂ ಕಣ್ಣೆತ್ತಿ ನೋಡಲಿಲ್ಲ. ಲಕ್ಷ ರೂಪಾಯಿಯ ಯಂತ್ರ ಅಂದಿದ್ದರೆ ಸಭೆ ಕರೆಯುತ್ತಿದ್ದರು.

ಜೊತೆಗೆ ದಿನಕ್ಕೆ ಎರಡು ಹೊತ್ತು ಕಫ ಇಳಿಸುವ ವ್ಯಾಯಾಮ. ಫಿಸಿಯೊಥೆರಪಿಯವರ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ, ಯಾವ ಮಗ್ಗುಲಿಗೆ ಮಲಗಬೇಕು ಅಂತ ತೋರಿಸುತ್ತಾರೆ. ಕನ್ನಡಿಗೆ ಹಬೆ ಊದುವಂತೆ ಗಂಟಲು ತೆರೆದು "ಹಾ" ಅಂತ ಗಾಳಿ ದಬ್ಬುವುದನ್ನೂ ಕಲಿಸುತ್ತಾರೆ. ಜ್ವರ ಬಂದರೆ, ಕಫ ಏಕಾಏಕಿ ಹೆಚ್ಚಿದರೆ, ರಕ್ತ ಕಂಡರೆ ತಡಮಾಡಬೇಡಿ. ಆಗ ಆಂಟಿಬಯಾಟಿಕ್ ಬೇಕೇ ಬೇಕಾಗಬಹುದು.

ತುಂಗಾತೀರ (ಐದು ವಾರದ ನಂತರ):
ಅಪ್‌ಡೇಟ್ ಕೊಡ್ತೇನೆ ಅಂತ ಹೇಳಿದ್ದೆ. ಫಿಸಿಯೊ ಹೇಳಿಕೊಟ್ಟದ್ದನ್ನು ಅಮ್ಮ ಬೆಳಿಗ್ಗೆ ಮಾಡುತ್ತಾರೆ, ಸಂಜೆ ಸೀರಿಯಲ್ ಹೊತ್ತಿಗೆ ಸರಿಯಾಗಿ ಮರೆಯುತ್ತಾರೆ. ಮಾಡಿದ ದಿನ ಅರ್ಧ ಗಂಟೆಯಲ್ಲೇ ಕಫ ಎಲ್ಲ ಬಂದು, ಆಮೇಲೆ ದಿನವಿಡೀ ಆರಾಮು. ಕಫ ನಿಂತಿಲ್ಲ, ಕೆಮ್ಮಿ ಸುಸ್ತಾಗುವುದು ಕಮ್ಮಿಯಾಗಿದೆ. ಹಂಡೆಯ ಒಲೆ ಈಗ ನನ್ನ ಪಾಲಿಗೆ. ಹಲ್ಲಿನ ಸೆಟ್ಟಿಗೆ ದೊಡ್ಡ ಯುದ್ಧವೇ ಆಯಿತು, ಕೊನೆಗೆ ಲೈಟ್ ಆರಿಸಿದ ಮೇಲೆ ತೆಗೆಯುವುದು ಅಂತ ರಾಜಿ. ಬೆಳಿಗ್ಗೆಯ ಸ್ಯಾಂಪಲ್ ಕೊಟ್ಟು ಮತ್ತೆ ಕಲ್ಚರ್ ಮಾಡಿಸಿದೆ, ಈ ಸಲವೂ ನಾರ್ಮಲ್ ಫ್ಲೋರಾ. ಅಮ್ಮ ಈಗ ಪಕ್ಕದ ಮನೆಯವರಿಗೆಲ್ಲ "ನನ್ನದು ಫ್ಲೋರಾ ನಾರ್ಮಲ್ಲು" ಅಂತ ಹೇಳಿಕೊಂಡು ಬರ್ತಿದ್ದಾರೆ.

ಗಿರ್ಮಿಟ್:
ಒಂದು ಪ್ರಶ್ನೆ, ಬೈಬೇಡ್ರಿ. ಯೋಗದ ಕ್ಲಾಸಿನಲ್ಲಿ ಜಲನೇತಿ ಕಲಿಸಾಕತ್ತಾರ. ಮೂಗಿಗೆ ನಲ್ಲಿ ನೀರು ಹಾಕಿದರೆ ನಡೀತದಾ?

ಚಾಕೊಲೇಟ್ ಅಗಾರ್:
ನಲ್ಲಿ ನೀರು ಬೇಡವೇ ಬೇಡ. ಅಪರೂಪಕ್ಕೆ ನೀರಿನಲ್ಲಿ ನೇಗ್ಲೇರಿಯಾ ಎಂಬ ಅಮೀಬಾ ಇರುತ್ತದೆ. ಕುಡಿದರೆ ಏನೂ ಆಗದು, ಮೂಗಿನಿಂದ ಏರಿದರೆ ಮಿದುಳಿಗೆ ಹೋಗುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಲ್ಲಿ ನೇತಿ ಮಾಡಿ ಇಬ್ಬರು ತೀರಿಕೊಂಡರು. ನೀರನ್ನು ಕೊತಕೊತ ಕುದಿಸಿ, ಆರಿಸಿ, ಉಪ್ಪು ಹಾಕಿ ಬಳಸಿ. ನೇತಿ ಪಾತ್ರೆ ತೊಳೆದು ಒಣಗಿಸಿಡಿ, ಮನೆಯವರೆಲ್ಲರಿಗೂ ಒಂದೇ ಪಾತ್ರೆ ಬೇಡ.

ಗಿರ್ಮಿಟ್:
ನಮ್ಮ ಕ್ಲಾಸಿನಲ್ಲಿ ಹದಿನೈದು ಮಂದಿಗೆ ಎರಡೇ ಪಾತ್ರೆ ಅದಾವ್ರೀ. ನಾಳೆ ಹೋಗಿ ಮಾತಾಡ್ತೀನಿ.